ಅಭಾವಮೀಮಾಂಸೆ: ಮ್ಯಾಥ್ಯೂಸನ್ನನ ಮೂರು ಸೊನ್ನೆಗಳು

ವಿಷಯವೇ ಸೊನ್ನೆಯಾದ್ದರಿಂದ ಈ ಪ್ರಬಂಧಕ್ಕೆ ಮಂಗಳಾಚರಣೆ ಇಲ್ಲ. ಇಲ್ಲದಿರುವುದೇ ಶಾಸ್ತ್ರಸಮ್ಮತ.

1905ರ ಅಕ್ಟೋಬರ್ 9ರಿಂದ 14ರವರೆಗೆ ಅಮೆರಿಕದ ಬೇಸ್‌ಬಾಲ್ ವರ್ಲ್ಡ್ ಸೀರೀಸ್‌ನಲ್ಲಿ ನ್ಯೂಯಾರ್ಕ್ ಜೈಂಟ್ಸ್ ಮತ್ತು ಫಿಲಡೆಲ್ಫಿಯಾ ಅಥ್ಲೆಟಿಕ್ಸ್ ಐದು ಪಂದ್ಯ ಆಡಿದವು. ಐದರಲ್ಲೂ ಸೋತವರು ಸೊನ್ನೆ ಸುತ್ತಿದರು. ಎರಡನೆಯ ಪಂದ್ಯದಲ್ಲಿ ಆ ಭಾಗ್ಯ ನ್ಯೂಯಾರ್ಕಿನದು, ಉಳಿದ ನಾಲ್ಕರಲ್ಲಿ ಫಿಲಡೆಲ್ಫಿಯಾದ್ದು. ಆ ನಾಲ್ಕರಲ್ಲಿ ಮೂರು ಸೊನ್ನೆಗಳ ಕರ್ತೃ ಒಬ್ಬನೇ: ನ್ಯೂಯಾರ್ಕಿನ ಎಸೆಗಾರ ಕ್ರಿಸ್ಟಿ ಮ್ಯಾಥ್ಯೂಸನ್. ಫಲಿತಾಂಶ 3-0, 9-0, 2-0.

ಈಗ ಶಂಕೆ: ಬಾರದ ರನ್ ಬಂದಿಲ್ಲವೆಂದು ತಿಳಿಯುವುದು ಯಾವ ಪ್ರಮಾಣದಿಂದ? ಕಣ್ಣಿಂದಲೇ ಎನ್ನುತ್ತಾರೆ ನೈಯಾಯಿಕರು. ಅಲ್ಲ, ಅದಕ್ಕೆ ಅನುಪಲಬ್ಧಿ ಎಂಬ ಬೇರೆ ಪ್ರಮಾಣವೇ ಬೇಕು ಎನ್ನುತ್ತಾರೆ ಭಾಟ್ಟ ಮೀಮಾಂಸಕರು. ಫಿಲಡೆಲ್ಫಿಯಾದವರು ಅಂಕಫಲಕ ನೋಡಿ ತಿಳಿದರು. ಅವರದು ಯಾವ ಮತವೋ ನಿರ್ಣಯವಾಗಿಲ್ಲ. ಇನಿಂಗ್ಸ್ ಶುರುವಾಗುವಾಗ ಇರುವುದು ಪ್ರಾಗಭಾವ, ಅಂದರೆ ರನ್ ಇನ್ನೂ ಹುಟ್ಟಿಲ್ಲ, ಹುಟ್ಟೀತು ಎಂಬ ಆಸೆ. ಅದು ಬಲಿತು ಅತ್ಯಂತಾಭಾವ, ಅಂದರೆ ಎಂದೆಂದಿಗೂ ಇಲ್ಲ, ಎಂದಾದದ್ದು ಯಾವಾಗ? 9-0ರ ಹೊತ್ತಿಗೆ ಎಂಬುದು ನನ್ನ ಮತ. ಭಿನ್ನಮತದವರು ಬೇರೆ ಸಂಪುಟ ಬರೆಯಲಿ.

ಇಲ್ಲಿ ಅಮೋಘವರ್ಷನ ಕಾಲದ ಗಣಿತಜ್ಞ ಮಹಾವೀರಾಚಾರ್ಯನನ್ನು ಎಳೆತಂದು, ಈ ಸೊನ್ನೆಗಳೂ ಮಾನ್ಯಖೇಟದಿಂದಲೇ ಹೋದವೆಂದು ಸಾಧಿಸುವುದು ನಮ್ಮ ಸಂಶೋಧಕರ ವಾಡಿಕೆ. ಪುಟಮಿತಿಯ ಕಾರಣ ಆ ಪುಣ್ಯವನ್ನು ಇತರರಿಗೆ ಬಿಟ್ಟಿದ್ದೇನೆ.

ಕಾರಣ ಹುಡುಕುವವರಿಗೆ ಕಾರಣಗಳಿವೆ. ಆಗಿನ ಚೆಂಡು ಅಷ್ಟಾಗಿ ಪುಟಿಯುತ್ತಿರಲಿಲ್ಲ. ಒಂದೇ ಚೆಂಡು ಬಹಳ ಹೊತ್ತು ಮಣ್ಣುಮಸಿ ಮೆತ್ತಿಕೊಂಡು ಓಡಾಡುತ್ತಿತ್ತು. ಅದಕ್ಕೆ ಉಗುಳು ಹಚ್ಚುವುದೂ ಕಾನೂನುಬದ್ಧವೇ. ಮ್ಯಾಥ್ಯೂಸನ್ನನ ಬಳಿಯಂತೂ ‘ಫೇಡ್‌ಅವೇ’ ಎಂಬ ಎಸೆತವಿತ್ತು. ಬಲಗೈ ದಾಂಡಿಗನಿಂದ ದೂರ ಸರಿಯಬೇಕಾದ ಚೆಂಡು ಅವನ ಕಡೆಗೇ ಹೊರಳುತ್ತಿತ್ತು. 27 ಇನಿಂಗ್ಸ್, 18 ಸ್ಟ್ರೈಕ್‌ಔಟ್, ಪುಕ್ಕಟೆ ಬೇಸ್ (ವಾಕ್) ಕೊಟ್ಟದ್ದು ಒಬ್ಬನೇ ದಾಂಡಿಗನಿಗೆ. ಆ ಒಬ್ಬನ ಮೇಲೆ ಇಷ್ಟು ಔದಾರ್ಯ ಏಕೆಂಬುದು ಪ್ರತ್ಯೇಕ ಅಧ್ಯಯನಕ್ಕೆ ಅರ್ಹ.

ಇನ್ನು ಪ್ರಬಂಧದ ಕ್ಲಿಷ್ಟ ಭಾಗ. ಎರಡನೆಯ ಪಂದ್ಯದಲ್ಲಿ ಜೈಂಟ್ಸ್ 3 ರನ್ ಕೊಟ್ಟರಲ್ಲ? ಅವು ಕ್ಷೇತ್ರರಕ್ಷಕರ ತಪ್ಪಿನಿಂದ ಬಂದವು, ಎಸೆಗಾರನ ಖಾತೆಗೆ ಸೇರವು ಎಂದು ಆಮೇಲಿನ ಲೆಕ್ಕಿಗರು ತೀರ್ಪಿತ್ತರು. ಹೀಗಾಗಿ ಇಡೀ ಸರಣಿಯಲ್ಲಿ ಜೈಂಟ್ಸ್ ಎಸೆಗಾರರ ಖಾತೆಯ ರನ್ ಸರಾಸರಿ 0.00. ರನ್ ವ್ಯಾವಹಾರಿಕವಾಗಿ ಉಂಟು, ಪಾರಮಾರ್ಥಿಕವಾಗಿ ಇಲ್ಲ ಎಂಬ ಶುದ್ಧ ಅದ್ವೈತ ಇದು. ಉಡುಪಿಯವರು ಮಾತ್ರ ಒಪ್ಪಲಾರರು: ಮೂರು ರನ್ನೂ ಸತ್ಯ, ಸೋತದ್ದೂ ಸತ್ಯ. ಆ ದಿನದ ಮಟ್ಟಿಗೆ ನಾನೂ ದ್ವೈತಿ.

ಪೂರ್ವಪಕ್ಷವೊಂದು ಉಳಿದಿದೆ. ಅಥ್ಲೆಟಿಕ್ಸ್‌ನ ಮಹಾ ಎಸೆಗಾರ ರೂಬ್ ವಾಡೆಲ್ ಈ ಸರಣಿಯಲ್ಲಿ ಆಡಲಿಲ್ಲ. ಬೇಸಿಗೆ ಮುಗಿದರೂ ಸಹಆಟಗಾರನ ತಲೆಯ ಮೇಲಿದ್ದ ಹುಲ್ಲಿನ ಟೋಪಿಯನ್ನು ಜಜ್ಜಲು ಹೋಗಿ ಭುಜ ನೋಯಿಸಿಕೊಂಡನೆಂದು ಪ್ರತೀತಿ. ‘ಅವನಿದ್ದಿದ್ದರೆ!’ ಎಂದು ಫಿಲಡೆಲ್ಫಿಯಾ ಪಂಥದವರ ನಿಟ್ಟುಸಿರು. ಖಂಡನೆ ಸುಲಭ. ಎಸೆಗಾರನ ಕೆಲಸ ಎದುರಾಳಿಯ ರನ್ ತಡೆಯುವುದೇ ಹೊರತು ಸ್ವಪಕ್ಷಕ್ಕೆ ಹಡೆದುಕೊಡುವುದಲ್ಲ. ಸ್ವಪಕ್ಷದ ಗಳಿಕೆ ನಾಲ್ಕು ಪಂದ್ಯಗಳಲ್ಲಿ ಸೊನ್ನೆ. ವಾಡೆಲ್ ಅವತಾರಪುರುಷನೇ ಆಗಿದ್ದರೂ ಪಂದ್ಯ 0-0 ಆಗಿ, ಕತ್ತಲಾಗುವವರೆಗೆ ಎಳೆಯುತ್ತಿತ್ತು. ಟೋಪಿ ನಿರ್ದೋಷಿ.

ಮ್ಯಾಥ್ಯೂಸನ್ ಭಾನುವಾರ ಚೆಂಡು ಎಸೆಯದ ನೇಮದವನು. ಸೋಮವಾರ ಆರಂಭಿಸಿದ ಕೆಲಸ ಶನಿವಾರಕ್ಕೆ ಮುಗಿಯಿತು. ಆರು ದಿನದಲ್ಲಿ ಒಬ್ಬ ಲೋಕವನ್ನೇ ಸೃಷ್ಟಿಸಿ ಏಳನೆಯ ದಿನ ವಿಶ್ರಮಿಸಿದನೆಂದು ಅವನ ಧರ್ಮಗ್ರಂಥ ಹೇಳುತ್ತದೆ. ಇವನು ಅಷ್ಟೇ ಅವಧಿಯಲ್ಲಿ ಏನೂ ಸೃಷ್ಟಿಯಾಗದಂತೆ ನೋಡಿಕೊಂಡ.

1936ರಲ್ಲಿ ಬೇಸ್‌ಬಾಲ್ ಹಾಲ್ ಆಫ್ ಫೇಮ್‌ಗೆ ಆಯ್ಕೆಯಾದ ಮೊದಲ ಐವರಲ್ಲಿ ಅವನೂ ಒಬ್ಬ. ಒಂದೇ ವರ್ಲ್ಡ್ ಸೀರೀಸ್‌ನಲ್ಲಿ ಮೂರು ಪೂರ್ಣ ಪಂದ್ಯ ಎಸೆದು ಮೂರರಲ್ಲೂ ಎದುರಾಳಿಗೆ ಸೊನ್ನೆ ಕೊಟ್ಟವರು ಆಮೇಲೆ ಇನ್ನೊಬ್ಬರಿಲ್ಲ.