ಶಾಲೆಗೆ ಎಷ್ಟು ಮೀಟರು?

ಬಾಡಿಗೆ ಮನೆ ನೋಡೋಕೆ ಹೋದರೆ ನಾವು ಮೊದಲು ಕೇಳೋದು ಏನು ಹೇಳಿ? ನೀರು ದಿನಾ ಬರುತ್ತಾ, ಬಾಗಿಲು ಯಾವ ದಿಕ್ಕಿಗಿದೆ, ಅಡ್ವಾನ್ಸ್ ಎಷ್ಟು. ಇಂಗ್ಲೆಂಡಿನಲ್ಲಿ ಸಂಸಾರ ಹೂಡಿರೋ ನಮ್ಮ ಹುಡುಗ ಹುಡುಗಿಯರು ಕೇಳೋದೇ ಬೇರೆ. ಈ ಮನೆಯಿಂದ ಶಾಲೆಗೆ ಎಷ್ಟು ಮೀಟರು? ಹೌದು ಕಣ್ರೀ, ಮೀಟರಿನ ಲೆಕ್ಕ!

ನಮ್ಮಕ್ಕನ ಮಗಳು ರೆಡಿಂಗ್ ಊರಲ್ಲಿದ್ದಾಳೆ. ಅವಳ ಕೂಸಿಗೆ ನಾಲ್ಕು ತುಂಬುತ್ತಾ ಬಂತು. ಅವಳು ನೋಡಿದ ಒಂದು ಮನೆಗೆ ಒಳ್ಳೆ ಹಿತ್ತಲಿತ್ತು, ಕುಂಡದಲ್ಲಿ ಕರಿಬೇವು ಇಟ್ಟರೆ ಬೇಸಿಗೆ ಬಿಸಿಲು ನೇರ ಬೀಳೋ ಹಾಗೆ. ಇನ್ನೊಂದರ ಅಡುಗೆಮನೇಲಿ ಇಬ್ಬರು ನಿಂತರೆ ಮೂರನೆಯವರು ಬಾಗಿಲಾಚೆ. ಬಾಡಿಗೇನೂ ಅದಕ್ಕೇ ಜಾಸ್ತಿ. ಅವಳು ಹಿಡಿದಿದ್ದು ಆ ಇಕ್ಕಟ್ಟಿನ ಮನೇನೇ. ಯಾಕಮ್ಮಾ ಅಂದರೆ, ‘ಚಿಕ್ಕಮ್ಮ, ಇಲ್ಲಿಂದ ಶಾಲೆ ಕಾಣುತ್ತೆ’ ಅಂದಳು. ಇನ್ನೇನು ಹೇಳೋದು?

ಅಲ್ಲಿನ ಪದ್ಧತಿ ನಿಮಗೂ ಗೊತ್ತೇ ಇರುತ್ತೆ, ನಿಮ್ಮ ನೆಂಟರಲ್ಲೂ ಯಾರಾದರೂ ಇರ್ತಾರಲ್ಲ. ಸರ್ಕಾರಿ ಶಾಲೆ, ಫೀಸಿಲ್ಲ, ಒಳ್ಳೇದು ಅಂತ ಹೆಸರು ಬಿದ್ದರೆ ಸೀಟಿಗಿಂತ ಅರ್ಜಿ ಹೆಚ್ಚು. ಚಿಕ್ಕ ಮಕ್ಕಳ ತರಗತಿಗೆ 30ರ ಮೇಲೆ ಸೇರಿಸೋ ಹಾಗಿಲ್ಲ ಅಂತ ಕಾನೂನೇ ಇದೆ. ಸರ್ಕಾರದ ಆಸರೆಯಲ್ಲಿ ಬೆಳೆಯೋ ಮಕ್ಕಳಿಗೆ ಮೊದಲ ಮಣೆ. ಆಮೇಲೆ ಸಾಮಾನ್ಯವಾಗಿ ಅಕ್ಕನೋ ಅಣ್ಣನೋ ಅದೇ ಶಾಲೇಲಿ ಇರೋ ಮಕ್ಕಳು. ಉಳಿದ ಸೀಟು ಮನೆ ಯಾರದು ಹತ್ತಿರವೋ ಅವರಿಗೆ. ಕೊನೇ ಸೀಟು ಸಿಕ್ಕ ಮಗುವಿನ ಮನೆ ಎಷ್ಟು ದೂರ ಇತ್ತು ಅನ್ನೋದನ್ನ ನಮ್ಮ ನಗರಸಭೆ ಥರದ ಅಲ್ಲಿನ ಕೌನ್ಸಿಲ್‌ನವರು ವರ್ಷವರ್ಷವೂ ಪ್ರಕಟಿಸ್ತಾರೆ. ಲಂಡನ್ನಿನ ಕೆಲವು ಶಾಲೆಗಳಲ್ಲಿ ಅದು 300 ಮೀಟರೂ ದಾಟಿಲ್ಲ. ನಮ್ಮ ಬೀದಿ ಕೊನೆಯ ಹಾಲಿನ ಬೂತಿನಷ್ಟು ದೂರ, ಅಲ್ವಾ?

ನನಗೆ ಮೋಜು ಅನಿಸೋದು ಅಳತೆಯ ವಿಷಯ. ಎಲ್ಲಿಂದ ಎಲ್ಲಿಗೆ ಅಳೀತಾರೆ? ಬಹಳ ಕಡೆ ಮನೆಗೆ ಅಂತ ನಕ್ಷೆಯಲ್ಲಿ ಗೊತ್ತು ಮಾಡಿರೋ ಒಂದು ಚುಕ್ಕೆಯಿಂದ, ಶಾಲೆಯ ಗೇಟಿನದೋ ಕಟ್ಟಡದ್ದೋ ಇನ್ನೊಂದು ಚುಕ್ಕೆಗೆ ಕಂಪ್ಯೂಟರ್ ನೇರ ಗೆರೆ ಎಳೆಯುತ್ತೆ. ನಡುವೆ ರೈಲುಹಳಿ ಇರಲಿ, ಕಾಲುವೆ ಇರಲಿ, ಗೆರೆ ನೇರವೇ. ಮಗು ಪಾಪ ಸೇತುವೆ ಸುತ್ತಿಕೊಂಡೇ ಹೋಗಬೇಕು. ಕೆಲವು ಕೌನ್ಸಿಲ್‌ಗಳು ಮಾತ್ರ ಕಾಲುದಾರಿ ಹಿಡಿದು ಅಳೀತವೆ. ಒಂದೇ ಕಟ್ಟಡದ ಎರಡು ಫ್ಲ್ಯಾಟಿಗೆ ಒಂದೇ ದೂರ ಬಂದು, ಉಳಿದಿರೋದು ಒಂದೇ ಸೀಟು ಅಂದರೆ? ಬಹಳ ಕಡೆ ಚೀಟಿ ಎತ್ತುತಾರೆ. ಎತ್ತುವಾಗ ಶಾಲೆಗೆ ಸಂಬಂಧ ಇಲ್ಲದವರೊಬ್ಬರು ಮೇಲ್ವಿಚಾರಣೆಗೆ ಇರಲೇಬೇಕು. ಮೇಲಿನ ಮನೆ, ಕೆಳಗಿನ ಮನೆ, ನಡುವೆ ಒಂದು ಚೀಟಿ. ಮಾರನೇ ದಿನ ಮೆಟ್ಟಿಲ ಹತ್ತಿರ ಆ ಇಬ್ಬರು ತಾಯಂದಿರು ಎದುರಾದರೆ ಏನು ಮಾತಾಡ್ತಾರೋ…

ಮಕ್ಕಳ ಓದಿಗೆ ಮನೆ ಬದಲಿಸೋದು ನಮಗೇನು ಹೊಸದಲ್ಲ ಬಿಡಿ. ‘ಮಕ್ಕಳ ಓದಿಗೆ ಅಂತ ಧಾರವಾಡದಲ್ಲಿ ಮನೆ ಮಾಡಿದಾರೆ’ ಅನ್ನೋ ಮಾತು ಎಷ್ಟು ಕೇಳಿಲ್ಲ ನಾವು! ನಮ್ಮ ದೊಡ್ಡಮ್ಮನೂ ಹಾಗೇ ಹೋದವರು. ಮಾಳಮಡ್ಡಿಯಲ್ಲಿ ಎರಡು ಖೋಲಿ, ಒಂದು ಸ್ಟೋವು, ಗೋಡೆಗೆ ಸಾಲಾಗಿ ಮೊಳೆ ಹೊಡೆದು ತೂಗುಹಾಕಿದ ಪಾಟಿಚೀಲಗಳು. ದೊಡ್ಡಪ್ಪ ಊರಲ್ಲೇ ಹೊಲ ನೋಡಿಕೊಂಡು ಶನಿವಾರದ ಬಸ್ಸಿಗೆ ಜೋಳದ ಚೀಲ, ಬೆಣ್ಣೆ ತರೋರು. ಅದಕ್ಕೂ ಹಿಂದಿನ ತಲೆಮಾರಿನ ಬಡ ಹುಡುಗರು ವಾರಾನ್ನ ಉಂಡು ಓದಿದವರು, ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಆದರೆ ಧಾರವಾಡದ ಶಾಲೆ ಬಾಗಿಲಲ್ಲಿ ನಿಮ್ಮ ಖೋಲಿ ಎಷ್ಟು ಮಾರು ದೂರ ಅಂತ ಯಾರೂ ಕೇಳಲಿಲ್ಲ. ಮೂರು ಮೈಲಿ ನಡೆದು ಬಂದವನೂ ಗೇಟಿನ ಎದುರು ಮನೆಯವನೂ ಒಂದೇ ಹಲಗೆ ಮೇಲೆ ಕೂತರು.

ಎಲ್ಲಿದ್ದೆ? ಹಾಂ, ಮೀಟರು. ಅಳತೆಪಟ್ಟಿ ಎಲ್ಲರಿಗೂ ಒಂದೇ, ಅದರಲ್ಲೇನು ತಪ್ಪು ಅಂತ ನೀವು ಕೇಳಬಹುದು. ಪಟ್ಟಿ ಒಂದೇ ಇದ್ದರೂ ಅದರ ಹತ್ತಿರ ಮನೆ ಮಾಡೋ ತಾಕತ್ತು ಎಲ್ಲರಿಗೂ ಒಂದೇ ಇಲ್ಲವಲ್ಲ. 2017ರಲ್ಲಿ ಅಲ್ಲಿನ ಶಿಕ್ಷಣ ಇಲಾಖೆಯೇ ಲೆಕ್ಕ ಹಾಕಿತು. ಉತ್ತಮ ಫಲಿತಾಂಶದ ಪ್ರಾಥಮಿಕ ಶಾಲೆಗಳ ಸುತ್ತ ಮನೆಗಳ ಬೆಲೆ ಸುಮಾರು ಶೇಕಡ 8 ಹೆಚ್ಚು. ಶಾಲೆಗೆ ಕೊಡದ ಫೀಸು ಮನೆ ಮಾರೋನ ಜೇಬು ಸೇರಿತು ಅಂತಾಯ್ತು. ಉಳ್ಳವರು ಗೇಟಿನ ಹತ್ತಿರ ಒಂದು ವರ್ಷಕ್ಕೆ ಮನೆ ಹಿಡಿದು, ದೊಡ್ಡದಕ್ಕೆ ಸೀಟು ಸಿಕ್ಕಮೇಲೆ ಹಿತ್ತಲಿರೋ ಮನೆಗೆ ಹೋಗೋದೂ ಉಂಟು. ಚಿಕ್ಕದಕ್ಕೆ ಹೇಗೂ ಅಕ್ಕ ಇದ್ದಾಳಲ್ಲ! ಅದಕ್ಕೇ ಕೆಲವು ಕಡೆ, ಮನೆ ದೂರ ಬದಲಿಸಿದರೆ ಆ ಸಲುಗೆ ಇಲ್ಲ ಅಂತ ನಿಯಮ ಮಾಡಿದಾರೆ.

ಸುಳ್ಳು ವಿಳಾಸದ ಅನುಮಾನವಂತೂ ಕೇಳಲೇಬೇಡಿ. 2008ರಲ್ಲಿ ಪೂಲ್ ಅನ್ನೋ ಊರಿನ ಕೌನ್ಸಿಲ್‌ನವರು ಒಂದು ಸಂಸಾರದ ಬೆನ್ನು ಹತ್ತಿದರು. ಅವರು ಹೇಳಿದ ಮನೇಲೇ ಇದಾರಾ ಅಂತ ಸುಮಾರು ಮೂರು ವಾರ ಗುಟ್ಟಾಗಿ ಕಾವಲು. ತಾಯಿ ಮಕ್ಕಳನ್ನ ಕಾರಲ್ಲಿ ಕೂರಿಸಿಕೊಂಡು ಹೊರಟದ್ದನ್ನೂ ಬರೆದಿಟ್ಟರು. ಗಂಭೀರ ಅಪರಾಧ ಹಿಡಿಯೋಕಿರೋ ಅಧಿಕಾರವನ್ನ ಮೂರು ವರ್ಷದ ಮಗುವಿನ ಶಾಲೆ ಸೀಟಿಗೆ ಬಳಸೋದೇ? 2010ರಲ್ಲಿ ನ್ಯಾಯಮಂಡಳಿ ಅದು ಕಾನೂನಿಗೆ ಸಲ್ಲದು ಅಂತ ತೀರ್ಪು ಕೊಟ್ಟಿತು. ಆ ಸಂಸಾರ ಸುಳ್ಳು ಹೇಳಿರಲೇ ಇಲ್ಲ.

ಬ್ರೈಟನ್ ಊರಿನ ಕೌನ್ಸಿಲ್‌ನವರು ಅದೇ 2008ರಿಂದ ಬೇರೆ ದಾರಿ ಹಿಡಿದರು. ಹೈಸ್ಕೂಲಿಗೆ ವಲಯ ಗುರುತಿಸಿ, ವಲಯದೊಳಗೆ ಅರ್ಜಿ ಹೆಚ್ಚಾದರೆ ಚೀಟಿ ಎತ್ತೋದು. ಪಕ್ಕದ ಮನೆ ಮಗುವಿಗೆ ಸಿಕ್ಕಿ ನಮ್ಮದಕ್ಕೆ ಸಿಗದಿದ್ದರೆ ಹೊಟ್ಟೆ ಉರಿಯುತ್ತೆ, ನಿಜ. ಆದರೂ ನನ್ನ ಓಟು ಅದಕ್ಕೇ. ನಾಲ್ಕು ವರ್ಷದ ಕೂಸಿಗೆ ಹತ್ತಿರದ ಶಾಲೇನೇ ಸರಿ, ಕೈ ಹಿಡಿದು ನಡೆಸಿಕೊಂಡು ಹೋಗಬಹುದು. ಹನ್ನೊಂದರ ಹುಡುಗ ಬಸ್ಸು ಹತ್ತಬಲ್ಲ, ಅವನ ಸೀಟನ್ನ ಅಪ್ಪನ ಬಾಡಿಗೆ ಚೀಟಿ ಯಾಕೆ ನಿರ್ಧರಿಸಬೇಕು?

ನಮ್ಮಲ್ಲೂ 2009ರ ಶಿಕ್ಷಣ ಹಕ್ಕು ಕಾಯ್ದೆ ನೆರೆಹೊರೆಯ ಶಾಲೆ ಅಂತಲೇ ಹೇಳುತ್ತೆ. ಕೇಂದ್ರದ ನಿಯಮದಲ್ಲಿ ಐದನೇ ತರಗತಿವರೆಗೆ 1 ಕಿಲೋಮೀಟರು, ಎಂಟರವರೆಗೆ 3. ಆದರೆ 2019ರಿಂದ ಕರ್ನಾಟಕದಲ್ಲಿ, ಹತ್ತಿರ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆ, ಬಡ ಮತ್ತು ಹಿಂದುಳಿದ ಮಕ್ಕಳಿಗೆ ಅಂತ ಕಾಯ್ದೆ ಎತ್ತಿಟ್ಟಿರೋ ಶೇಕಡ 25 ಸೀಟು ಕೊಡಬೇಕಾಗಿಲ್ಲ. ಹತ್ತಿರದ ಸರ್ಕಾರಿ ಶಾಲೆಗೆ ಸಾಕಷ್ಟು ಮೇಷ್ಟ್ರು, ಶೌಚಾಲಯ ಇದ್ದರೆ ಯಾರಿಗೂ ತಕರಾರಿರಲ್ಲ. ಇಲ್ಲದಿದ್ದರೆ ಆ ಹತ್ತಿರ ಕಟ್ಟಿಕೊಂಡು ಮಗು ಏನು ಮಾಡಬೇಕು?

ಮತ್ತೆ ಇಂಗ್ಲೆಂಡಿಗೆ ಬರೋಣ. ಲಂಡನ್ನಿನಲ್ಲಿ ಈಗ ಮಕ್ಕಳೇ ಕಡಿಮೆಯಾಗ್ತಿದಾರೆ, ಅಲ್ಲಿನ ಹ್ಯಾಕ್ನಿ ಅನ್ನೋ ಭಾಗದಲ್ಲಿ 2024ರಲ್ಲಿ ಕೆಲವು ಪ್ರಾಥಮಿಕ ಶಾಲೆಗಳನ್ನೇ ಮುಚ್ಚಿದರು. ಹೋದ ವರ್ಷ ಸಿಗದ ದೂರಕ್ಕೆ ಈ ವರ್ಷ ಸೀಟು ಸಿಗಲೂಬಹುದು. ನಿಮ್ಮವರು ಯಾರಾದರೂ ಅಲ್ಲಿ ಮನೆ ಹುಡುಕ್ತಿದ್ದರೆ ಹೇಳಿ: ಕರಾರಿಗೆ ಸಹಿ ಹಾಕೋ ಮೊದಲು ಒಂದೇ ವರ್ಷದ ದೂರ ನಂಬಬೇಡಿ, ಹಿಂದಿನ ಮೂರ್ನಾಲ್ಕು ವರ್ಷದ್ದೂ ನೋಡಿ. ಪ್ರಾಥಮಿಕ ಶಾಲೆಗೆ ಅರ್ಜಿ ಹಾಕೋಕೆ ಕೊನೇ ದಿನ ಜನವರಿ 15. ಸಂಕ್ರಾಂತಿಯ ಗಡಿಬಿಡೀಲಿ ಮರೆತಾರು!