ಪೂರ್ವಜನ್ಮವಾಸನಾ ನಿರ್ಣಯ

ಶಾಸ್ತ್ರವೆಂದ ಮೇಲೆ ಅನುಬಂಧ ಚತುಷ್ಟಯವನ್ನು ಮೊದಲೇ ಹೇಳಿಬಿಡಬೇಕು. ವಿಷಯ: ವಿಂಡೋಸ್ ತೊರೆದು ಲಿನಕ್ಸ್ ಸೇರಿದ ಹಳೆಯ ಕಂಪ್ಯೂಟರಿನಲ್ಲಿ ವಿಂಡೋಸಿನ ತಂತ್ರಾಂಶಗಳನ್ನೇ ಓಡಿಸುವುದು. ಪ್ರಯೋಜನ: ಸಂಜೆಯೊಳಗೆ ಲಗ್ನಪತ್ರಿಕೆ ಅಚ್ಚಾಗುವುದು. ಸಂಬಂಧ: ಲಗ್ನಪತ್ರಿಕೆಯಲ್ಲೇ ನಮೂದಾಗಿದೆ. ಇನ್ನು ಅಧಿಕಾರಿ ಯಾರು? ಯಾವನ ಯಂತ್ರ ಗುಂಡಿ ಒತ್ತಿದೊಡನೆ ಇಂದಿಗೂ ಎದ್ದು ಕೂರುತ್ತದೆಯೋ, ಆದರೆ ಅದು ತೀರಿಕೊಂಡಿದೆಯೆಂದು ಕಂಪನಿ ಸಾರಿದೆಯೋ, ಅವನೇ. ಹೆಚ್ಚಿನ ವ್ಯಾಕರಣ, ತರ್ಕಗಳ ಅಗತ್ಯವಿಲ್ಲ. ತಾಳ್ಮೆ ಬೇಕು.

ಕಂಪನಿಯ ಬೆಂಬಲ ನಿಂತ ಈ ಮರಣದ ತಿಥಿಗಳ ಬಗ್ಗೆ ಪಂಡಿತರಲ್ಲಿ ವಿವಾದವಿಲ್ಲ. ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್ 8. ವಿಂಡೋಸ್ 7ಕ್ಕೆ 2020ರ ಜನವರಿ 14. ಆ ವರ್ಷ ಸಂಕ್ರಾಂತಿ ಬಿದ್ದದ್ದು 15ಕ್ಕೆ. ಇನ್ನೊಂದೇ ದಿನ ತಡೆದಿದ್ದರೆ ಭೀಷ್ಮನಂತೆ ಉತ್ತರಾಯಣದಲ್ಲಿ ಹೋಗಬಹುದಿತ್ತು. ವಿಂಡೋಸ್ 10 ಹೋದದ್ದು 2025ರ ಅಕ್ಟೋಬರ್ 14ರಂದು. ಅದಕ್ಕೆ ಇನ್ನೊಂದಿಷ್ಟು ಕಾಲದ ಆಯುಷ್ಯ ದೊರಕಿಸುವ ಮೃತ್ಯುಂಜಯ ಹೋಮದ ವ್ಯವಸ್ಥೆಯನ್ನು ಕಂಪನಿಯೇ ಮಾಡಿಕೊಟ್ಟಿದೆ. ಮುಂದಿನ ಲೋಕವಾದ ವಿಂಡೋಸ್ 11ಕ್ಕೆ ಹೋಗಲು ಟಿಪಿಎಂ 2.0 ಎಂಬ ಚಿಪ್ಪಿನ ಸಂಸ್ಕಾರ ಆಗಿರಬೇಕು. ಅದಿಲ್ಲದ ಯಂತ್ರಗಳು ಬಾಗಿಲಲ್ಲೇ ನಿಲ್ಲುತ್ತವೆ. ಹಾಗೆ ನಿಂತವರೇ ಲಿನಕ್ಸ್ ಮಿಂಟ್, ಲುಬುಂಟು ಮೊದಲಾದ ಆಶ್ರಮಗಳಿಗೆ ಸೇರಿಕೊಳ್ಳುತ್ತಾರೆ.

ಇಲ್ಲಿಂದ ನಮ್ಮ ಶಾಸ್ತ್ರ ಶುರು. ಮೊದಲ ಸೂತ್ರ: ‘ದೇಹಃ ಸ ಏವ, ಜೀವಸ್ತ್ವನ್ಯಃ, ವಾಸನಾ ತು ನ ಮುಂಚತಿ.’ (ಸೂತ್ರಕಾರ ನಾನೇ, ಭಾಷ್ಯಕಾರನೂ ನಾನೇ. ಹಾಗಿದ್ದರೂ ಇಬ್ಬರಲ್ಲಿ ಅಲ್ಲಲ್ಲಿ ಭಿನ್ನಾಭಿಪ್ರಾಯವಿದೆ.) ಭಾಷ್ಯ: ನಮ್ಮ ದರ್ಶನಗಳಲ್ಲಿ ಜೀವ ಅದೇ ಇದ್ದು ದೇಹ ಬದಲಾಗುತ್ತದೆ. ಇಲ್ಲಿ ಎಲ್ಲ ತಿರುಗುಮುರುಗು. ಪೆಟ್ಟಿಗೆ ಅದೇ, ಧೂಳು ಅದೇ, ಗರಗರ ಎನ್ನುವ ಫ್ಯಾನೂ ಅದೇ. ಒಳಗಿನ ಜೀವ ಮಾತ್ರ ಬೇರೆ. ಆದರೂ ಮರುದಿನ ಬೆಳಿಗ್ಗೆ ಯಂತ್ರದ ಮುಂದೆ ಕುಳಿತವನ ಬಾಯಲ್ಲಿ ಬರುವ ಮೊದಲ ಮಾತು, “ಪೇಜ್‌ಮೇಕರ್ ಎಲ್ಲಿ?”

ಪೇಜ್‌ಮೇಕರ್ ಎಂಬುದು 1985ರಲ್ಲಿ ಆಲ್ಡಸ್ ಎಂಬ ಸಂಸ್ಥೆಯಲ್ಲಿ ಹುಟ್ಟಿ, ಬಳಿಕ ಅಡೋಬಿಗೆ ದತ್ತು ಹೋಗಿ, 2001ರಲ್ಲಿ ಬಂದ 7ನೇ ಆವೃತ್ತಿಗೆ ವಂಶ ಮುಗಿಸಿದ ತಂತ್ರಾಂಶ. ಜಗತ್ತಿನ ಉಳಿದೆಡೆ ಅದು ಇತಿಹಾಸ. ಕರ್ನಾಟಕದ ಡಿಟಿಪಿ ಅಂಗಡಿಗಳಲ್ಲಿ ಅದು ವರ್ತಮಾನ. ಅದಕ್ಕೆ ಜೋಡಿಯಾಗಿ ಕನ್ನಡ ಗಣಕ ಪರಿಷತ್ತಿನ ‘ನುಡಿ’. ಇವೆರಡನ್ನು ಅಗಲಿಸುವುದು ಮಹಾಪಾಪವೆಂದು ಡಿಟಿಪಿ ಸ್ಮೃತಿ ಹೇಳುತ್ತದೆ. ಆ ಸ್ಮೃತಿಯನ್ನು ಯಾರೂ ಬರೆದಿಟ್ಟಿಲ್ಲ, ಎಲ್ಲರೂ ಪಾಲಿಸುತ್ತಾರೆ.

ವಾಸನೆಯನ್ನು ತಣಿಸುವ ಮಾರ್ಗಗಳ ಬಗ್ಗೆ ಮತಭೇದವಿದೆ. ದ್ವೈತಿಗಳು ಒಂದೇ ಡಿಸ್ಕಿನಲ್ಲಿ ವಿಂಡೋಸ್, ಲಿನಕ್ಸ್ ಎರಡನ್ನೂ ಇಡುತ್ತಾರೆ. ಎರಡೂ ಸತ್ಯ, ಎರಡೂ ನಿತ್ಯ ಭಿನ್ನ. ಆದರೆ ಒಂದರಿಂದ ಇನ್ನೊಂದಕ್ಕೆ ಹೋಗಲು ನಡುವೆ ಒಮ್ಮೆ ಸಾಯಬೇಕು. ಅದನ್ನೇ ಲೌಕಿಕರು ರೀಸ್ಟಾರ್ಟ್ ಎನ್ನುವುದು. ಮಾಯಾವಾದಿಗಳು ಲಿನಕ್ಸಿನ ಒಳಗೊಂದು ಮಿಥ್ಯಾ ಕಂಪ್ಯೂಟರ್ ಕಟ್ಟಿ ಅದರೊಳಗೆ ಇಡೀ ವಿಂಡೋಸನ್ನು ಕೂರಿಸುತ್ತಾರೆ. ಸಿದ್ಧಾಂತ ಸೊಗಸಾಗಿದೆ. ಎರಡು ಜಿಬಿ ರ‍್ಯಾಮಿನ ಯಂತ್ರದಲ್ಲಿ ಮಾತ್ರ ಮಾಯೆಯ ಭಾರಕ್ಕೆ ಬ್ರಹ್ಮವೇ ಹ್ಯಾಂಗ್ ಆಗುತ್ತದೆ. ವಿರಕ್ತರು ಹಳೆಯದನ್ನೆಲ್ಲ ಬಿಟ್ಟು ಸ್ಕ್ರೈಬಸ್, ಲಿಬ್ರೆಆಫೀಸ್ ಕಲಿಯಿರಿ ಎನ್ನುತ್ತಾರೆ, ಅವರಿಗೆ ನಮಸ್ಕಾರ. ನಾಲ್ಕನೆಯದು ವೈನ್ ಮಾರ್ಗ.

ಅಬಕಾರಿ ಇಲಾಖೆಗೆ ಸಂಬಂಧಿಸದ ಈ ವೈನ್ 1993ರಲ್ಲಿ ಗರ್ಭಸ್ಥವಾಗಿ, 1.0 ಎಂದು ನಾಮಕರಣ ಆದದ್ದು 2008ರ ಜೂನಿನಲ್ಲಿ. ಹದಿನೈದು ವರ್ಷದ ಗರ್ಭವಾಸ ಪುರಾಣಗಳಲ್ಲೂ ಅಪರೂಪ. ಇದರ ಕೆಲಸ ದುಭಾಷಿಯದು. ತಂತ್ರಾಂಶ ವಿಂಡೋಸಿನ ಮಾತಿನಲ್ಲಿ ‘ಒಂದು ಕಿಟಕಿ ತೆರೆ’ ಎಂದರೆ, ಇದು ಲಿನಕ್ಸಿನ ಮಾತಿನಲ್ಲಿ ಅದನ್ನೇ ಕೇಳಿ ತೆರೆಸಿಕೊಡುತ್ತದೆ. ತಾನಿರುವುದು ಪರದೇಶದಲ್ಲಿ ಎಂಬುದು ತಂತ್ರಾಂಶಕ್ಕೆ ತಿಳಿಯುವುದೇ ಇಲ್ಲ. ಅದು ‘ಸಿ ಡ್ರೈವ್’ ಎಂದು ನಂಬಿಕೊಂಡಿರುವುದು ಬಳಕೆದಾರನ ಮನೆಯೊಳಗೆ ಬಚ್ಚಿಟ್ಟ ಒಂದು ಫೋಲ್ಡರು. ಲಿನಕ್ಸಿನ ಸಮಸ್ತ ಬ್ರಹ್ಮಾಂಡ ಅದಕ್ಕೆ ಕಾಣುವುದು ‘ಝೆಡ್ ಡ್ರೈವ್’ ಎಂಬ ಹೆಸರಿನಲ್ಲಿ, ಅಕ್ಷರಮಾಲೆಯ ಕಟ್ಟಕಡೆಯಲ್ಲಿ.

ಆಕ್ಷೇಪ: ವಾಸನೆ ಬಂದರೆ ಕರ್ಮವೂ ಬಾರದೇ? ಸಮಾಧಾನ: ಬರುತ್ತದೆ. ವಿಂಡೋಸಿನ ಕೆಲವು ವೈರಸ್ಸುಗಳೂ ವೈನ್‌ನಲ್ಲಿ ಸುಖವಾಗಿ ಓಡಿ, ಆ ಝೆಡ್ ಡ್ರೈವಿನ ದಾರಿ ಹಿಡಿದು ಮನೆಯ ಕಡತಗಳವರೆಗೂ ಬರಬಲ್ಲವು.

ಎರಡನೇ ಸೂತ್ರ ಸ್ವಲ್ಪ ವಿಚಿತ್ರ: ತವರು ಮರೆತವರನ್ನು ಪರದೇಶ ಗುರುತಿಸುತ್ತದೆ. ವಿಂಡೋಸ್ 3.1ರ ಕಾಲದ ಹದಿನಾರು ಬಿಟ್ಟಿನ ತಂತ್ರಾಂಶವನ್ನು ಇಂದಿನ ಅರವತ್ತನಾಲ್ಕು ಬಿಟ್ಟಿನ ವಿಂಡೋಸ್ ಒಳಗೇ ಬಿಟ್ಟುಕೊಳ್ಳುವುದಿಲ್ಲ. ವೈನ್ ಬಿಟ್ಟುಕೊಳ್ಳುತ್ತದೆ, ಬಹಳ ಸಲ ಓಡಿಸಿಯೂ ತೋರಿಸುತ್ತದೆ. ಸಾಲದ್ದಕ್ಕೆ ನೋಟ್‌ಪ್ಯಾಡನ್ನೂ ಬಾಂಬು ಹುಡುಕುವ ಆಟವನ್ನೂ ತಾನೇ ಹೊಸದಾಗಿ ಬರೆದು ಜೊತೆಗಿಟ್ಟುಕೊಂಡಿದೆ. ಕಚೇರಿಯ ವಾಸನೆಗಳಲ್ಲಿ ಅತಿ ಪ್ರಬಲವಾದದ್ದು ಯಾವುದೆಂದು ವೈನ್ ಕರ್ತೃಗಳಿಗೆ ಗೊತ್ತಿತ್ತು.

ಇಷ್ಟರವರೆಗೆ ಶಾಸ್ತ್ರ ಸಲೀಸು. ತೊಡಕು ಬರುವುದು ಅಕ್ಷರಾಧಿಕರಣದಲ್ಲಿ. ನುಡಿಯ ಹಳೆಯ ಫಾಂಟುಗಳಲ್ಲಿ ಬರೆದ ಕನ್ನಡ ಕಂಪ್ಯೂಟರಿನ ಪಾಲಿಗೆ ಕನ್ನಡವೇ ಅಲ್ಲ. ರೋಮನ್ ಅಕ್ಷರಗಳ ಜಾಗಗಳಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ ಏರ್ಪಾಟು ಅದು. ಹೊಸ ಜೀವಕ್ಕೆ ಆ ಫಾಂಟು ಕೊಡದೆ ಕಡತ ತೆರೆದರೆ ‘ಕನ್ನಡ’ ಎಂಬ ಮೂರಕ್ಷರ ಹೀಗೆ ಕಾಣುತ್ತದೆ: ಒಂದು ಪಿ, ತಲೆಯ ಮೇಲೆ ಗೀರು ಹೊತ್ತ ಎ, ಬ್ರಿಟನ್ನಿನ ಪೌಂಡ್ ಚಿಹ್ನೆ, ಮತ್ತೆ ಗೀರಿನ ಎ, ಜರ್ಮನ್ನರ ಜೋಡಿ ಎಸ್ಸು, ಚಿಕ್ಕ ಕ್ಯು, ಕೊನೆಗೊಂದು ಗೀರಿನ ಎ. ಮುಂದೊಂದು ಕಾಲದ ಶಾಸನತಜ್ಞರ ಕೈಗೆ ಇಂಥ ಲಗ್ನಪತ್ರಿಕೆ ಸಿಕ್ಕರೆ, ಹಾಸನ ಜಿಲ್ಲೆಯ ವಧೂವರರು ಪೌಂಡುಗಳಲ್ಲಿ ವ್ಯವಹರಿಸುತ್ತಿದ್ದರು, ಜರ್ಮನಿಯೊಡನೆ ಅವರಿಗೆ ಬೀಗತನವಿತ್ತು ಎಂದು ಪಿಎಚ್‌ಡಿ ಬರೆಯುವುದು ಖಂಡಿತ. ವಿವಾದವೇನಿದ್ದರೂ ಜರ್ಮನಿ ಗಂಡಿನ ಕಡೆಯೋ ಹೆಣ್ಣಿನ ಕಡೆಯೋ ಎಂಬಲ್ಲಿ ಮಾತ್ರ.

ಪರಿಹಾರ ಸುಲಭವೇ: ಫಾಂಟಿನ ಕಡತಗಳನ್ನು ತಂದು ಲಿನಕ್ಸಿನ ಫಾಂಟ್ ಫೋಲ್ಡರಿನಲ್ಲಿ ಹಾಕಿದರೆ ವೈನ್ ಅವನ್ನು ಎತ್ತಿಕೊಳ್ಳುತ್ತದೆ. ಆದರೆ ಕೀಲಿಮಣೆ? ಹಿನ್ನೆಲೆಯಲ್ಲಿ ಅಡಗಿ ಕುಳಿತು ಒತ್ತಿದ ಕೀಲಿಗಳನ್ನು ಕದ್ದು ಕೇಳುವ ವಿಂಡೋಸ್ ತಂತ್ರಾಂಶದ ಅಧಿಕಾರ ವೈನ್‌ನ ಕಿಟಕಿಗಳ ಆಚೆಗೆ ನಡೆಯುವುದಿಲ್ಲ. ಲಿನಕ್ಸಿನಲ್ಲಿ ಕೆ.ಪಿ. ರಾವ್ ಅವರ ವಿನ್ಯಾಸದ ಕಗಪ ಕೀಲಿಮಣೆ ಹುಟ್ಟಿನಿಂದಲೇ ಇದೆಯಲ್ಲ ಎಂದರೆ, ಬೆರಳಿಗೆ ನುಡಿಯದೇ ದಾರಿ, ತೆರೆಯ ಮೇಲೆ ಬೀಳುವುದು ಯುನಿಕೋಡ್. ಪೇಜ್‌ಮೇಕರಿಗೆ ಯುನಿಕೋಡ್ ಎಂದರೆ ಮೈಲಿಗೆ. ಹಾಗಾಗಿ ಒಂದೇ ಬೆರಳು, ಒಂದೇ ಕೀಲಿ, ಎರಡು ಕನ್ನಡ. ಇವನ್ನು ಬೆಸೆಯಲು ಪರಿವರ್ತಕವೆಂಬ ಪುರೋಹಿತ. ಅವನಿಗೂ ಒತ್ತಕ್ಷರ, ಅರ್ಕಾವತ್ತು ಬಂದಲ್ಲಿ ಮಂತ್ರ ತಪ್ಪುವುದುಂಟು.

ಯಂತ್ರಾಂಶದ ಡ್ರೈವರುಗಳಿಗೆ ಪುನರ್ಜನ್ಮವಿಲ್ಲವೆಂಬುದು ಮೂರನೇ ಸೂತ್ರ. ಡಾಂಗಲ್ ಎಂಬ ಬೀಗವನ್ನು ಕಟ್ಟಿಕೊಂಡ ತಂತ್ರಾಂಶಗಳ ಗತಿ ಇದರಲ್ಲೇ ಅಡಕ. ಭಾಷ್ಯಕಾರ ಇಲ್ಲಿ ಮೌನ ತಾಳಿದ್ದಾನೆ. ಆಶ್ರಮಗಳೂ ಶಾಶ್ವತವಲ್ಲ: 2025ರ ಡೆಬಿಯನ್ 13 ಮೂವತ್ತೆರಡು ಬಿಟ್ಟಿನ ಹಳೆಯ ಪಿಸಿಗಳಿಗೆ ಹೊಸದಾಗಿ ದೀಕ್ಷೆ ಕೊಡುವುದನ್ನು ನಿಲ್ಲಿಸಿದೆ.

ಪೂರ್ವಪಕ್ಷಿಯ ಬತ್ತಳಿಕೆಯಲ್ಲಿ ಉಳಿದಿರುವುದು ಒಂದೇ ಬಾಣ: ಇಷ್ಟೆಲ್ಲ ಪಾಡು ಯಾಕೆ, ಒಂದು ಹೊಸ ಕಂಪ್ಯೂಟರ್ ತಂದರಾಗದೇ? ಹೀಗೆ ಕೇಳಿದವನೇ ಅದರ ದುಡ್ಡನ್ನೂ ಕೊಡತಕ್ಕದ್ದು ಎಂದು ಡಿಟಿಪಿ ಸ್ಮೃತಿಯಲ್ಲಿ ವಿಧಿಯಿದೆ. ಆದಕಾರಣ ಈ ಆಕ್ಷೇಪವನ್ನು ಇದುವರೆಗೆ ಯಾರೂ ಗಟ್ಟಿಯಾಗಿ ಎತ್ತಿಲ್ಲ.