ನೂರು ಪೌಂಡಿನ ಷಡ್ಡಕರು

ಷಡ್ಡಕರು ಎಂದರೆ ನನ್ನ ಹೆಂಡತಿಯ ತಂಗಿಯ ಗಂಡ. ಒಂದೇ ಮಾವನ ಮನೆಯಲ್ಲಿ ಒಂದೇ ಪಾಯಸ ಉಂಡ ಋಣ ಬಿಟ್ಟರೆ ನಮ್ಮ ನಡುವೆ ಬೇರೆ ಸಂಬಂಧವಿಲ್ಲ. ನಾನು ಶಿವಮೊಗ್ಗದವನು. ಅವರು ಕಾಸರಗೋಡಿನವರು, ಈಗ ಕೊಚ್ಚಿಯ ಪಕ್ಕ ಪೆರಿಯಾರ್ ನದಿ ಸುತ್ತುವರಿದ ಏಲೂರಿನ ಒಂದು ರಾಸಾಯನಿಕ ಕಾರ್ಖಾನೆಯಲ್ಲಿ ಎಂಜಿನಿಯರು.

ಕಲಿಯುವ ಮೊದಲೇ ಸಲಕರಣೆ ಕೊಳ್ಳುವವರು ಪ್ರತಿ ಊರಿನಲ್ಲೂ ಒಬ್ಬರಾದರೂ ಇರುತ್ತಾರೆ. ಸರಳೆ ವರಸೆಗೆ ಮೊದಲೇ ತಂಜಾವೂರಿನಿಂದ ವೀಣೆ ತರಿಸುವವರು. ಬೆಳಗಿನ ವಾಕಿಂಗಿಗೆಂದು ಬೂಟು, ಟೋಪಿ, ನೀರಿನ ಬಾಟಲಿ ಎಲ್ಲ ಕೊಂಡ ಮೇಲೆ ಬೆಳಗೇ ಆಗದವರು. ಷಡ್ಡಕರು ಈ ಕುಲಕ್ಕೆ ತಿಲಕ. ಹಿಂದೊಮ್ಮೆ ಟೆಲಿಸ್ಕೋಪು ಕೊಂಡಿದ್ದರು. ಏಲೂರಿನ ಆಕಾಶದಲ್ಲಿ ಆರು ತಿಂಗಳು ಮೋಡ, ಉಳಿದ ಆರು ತಿಂಗಳು ಕಾರ್ಖಾನೆಗಳ ದೀಪ. ಅದರಲ್ಲಿ ಸ್ಪಷ್ಟವಾಗಿ ಕಂಡ ಒಂದೇ ಗ್ರಹ ಎದುರು ಮನೆಯವರ ಅಡುಗೆಮನೆ.

ಟೆಲಿಸ್ಕೋಪು ಅಟ್ಟ ಸೇರಿದ ಮೇಲೆ ಬಂದದ್ದು ಮಧ್ಯಯುಗದ ಬಿಲ್ಲಿನ ಗೀಳು. ಮೇರಿ ರೋಸ್ ಎಂಬ ಹಡಗಿನ ಕತೆ ಓದಿದ್ದೇ ನೆಪ. ಇಂಗ್ಲೆಂಡಿನ ದೊರೆ ಎಂಟನೇ ಹೆನ್ರಿಯ ಈ ಯುದ್ಧನೌಕೆ 1545ರಲ್ಲಿ ಮುಳುಗಿತು, 1982ರಲ್ಲಿ ಮೇಲೆ ಬಂತು. ಅದರ ಜೊತೆಗೆ 137 ಇಡಿ ಬಿಲ್ಲುಗಳೂ ಮೂರೂವರೆ ಸಾವಿರಕ್ಕೂ ಹೆಚ್ಚು ಬಾಣಗಳೂ ಸಿಕ್ಕವು.

“1545 ಅಂದ್ರೆ ಮಧ್ಯಯುಗ ಮುಗಿದಿತ್ತಲ್ಲ ಚಿಕ್ಕಪ್ಪ?” ಎಂದು ನನ್ನ ಮಗಳು ಕೇಳಿದಳು. ಅವಳು ಇತಿಹಾಸದ ವಿದ್ಯಾರ್ಥಿನಿ.

“ಯುಗ ಮುಗಿದಿರಬಹುದು ಪುಟ್ಟಿ, ಬಿಲ್ಲಿಗೆ ಯಾರೂ ಹೇಳಿರಲಿಲ್ಲ” ಎಂದರು ಷಡ್ಡಕರು.

ಆ ಬಿಲ್ಲುಗಳ ನಕಲನ್ನು ಕೈಯಲ್ಲೇ ಕೆತ್ತುವ ಒಬ್ಬ ಮುದುಕರನ್ನು ಇಂಗ್ಲೆಂಡಿನ ಹಳ್ಳಿಯೊಂದರಲ್ಲಿ ಪತ್ತೆ ಹಚ್ಚಿದರು. ಅಂಗಡಿ, ಕಾರ್ಖಾನೆ, ಗುಮಾಸ್ತ ಎಲ್ಲ ಅವರೊಬ್ಬರೇ. ನಾವು ಅವರಿಗೆ ಬಿಲ್ಲಜ್ಜ ಎಂದು ಹೆಸರಿಟ್ಟೆವು. ಸರದಿ ಬರಲು ಹದಿನಾಲ್ಕು ತಿಂಗಳು. ಷಡ್ಡಕರಿಗೆ ಇದು ಬೇಸರವಲ್ಲ, ಹಬ್ಬ. ವಾರಕ್ಕೊಂದು ಪತ್ರ. ಹೆದೆ ಸೆಣಬಿನದೋ ಅಗಸೆ ನಾರಿನದೋ? ಬಾಣದ ಗರಿಗೆ ಹೆಬ್ಬಾತು ಯಾವ ಬಣ್ಣದ್ದು? ಗರಿ ಸುತ್ತುವ ರೇಷ್ಮೆ ದಾರ ಎಷ್ಟು ಸುತ್ತು?

“ಕುಟ್ಟನಾಡಿನಲ್ಲಿ ಬಾತುಕೋಳಿ ಹಿಂಡುಹಿಂಡೇ ಇದೆ. ಅದರ ಗರಿ ಆಗಲ್ವಾ?” ಎಂದಳು ನಾದಿನಿ. ಷಡ್ಡಕರು ಎರಡು ದಿನ ಮಾತು ಬಿಟ್ಟರು.

ಆ ಬಿಲ್ಲು ಕೆತ್ತುವ ಯೂ ಮರದ ಮಹಿಮೆಯನ್ನು ಊಟದ ಹೊತ್ತಿನಲ್ಲಿ ಹೇಳುವರು. “ಒಂದೇ ಕೊರಡಿನಲ್ಲಿ ಎರಡು ಗುಣ, ಭಾವ. ತೊಗಟೆ ಕಡೆಯ ಬಿಳಿ ಪದರ ಎಳೆತ ತಾಳುತ್ತೆ, ಒಳಗಿನ ಚೇಗು ಒತ್ತಡ ತಾಳುತ್ತೆ. ಗಂಡ ಹೆಂಡತಿ ಇದ್ದ ಹಾಗೆ.”

“ಒತ್ತಡ ತಾಳೋದು ಯಾರು ಅಂತಾನೂ ಹೇಳಿಬಿಡಿ” ಎಂದು ಅಡುಗೆಮನೆಯಿಂದ ದನಿ ಬಂತು.

ಬಿಲ್ಲಜ್ಜ ಕೇಳಿದ್ದು ಒಂದೇ ಪ್ರಶ್ನೆ: ಎಷ್ಟು ಪೌಂಡು ಎಳೆಯಬಲ್ಲಿರಿ? ಹೊಸಬರಿಗೆ ಮೂವತ್ತೈದು ಸಾಕು ಎಂದೂ ಬರೆದಿದ್ದರು. ಮೇರಿ ರೋಸ್ ಬಿಲ್ಲುಗಳ ಎಳೆತ 100ರಿಂದ 185 ಪೌಂಡು ಇತ್ತೆಂದು ತಿಳಿದವರ ಅಂದಾಜು. ಷಡ್ಡಕರು ಭಾರತೀಯ ವಿನಯಕ್ಕೆ ತಕ್ಕಂತೆ 100 ಎಂದು ಬರೆದರು. ನೂರು ಪೌಂಡೆಂದರೆ 45 ಕಿಲೋ, ಅಂದರೆ ಒಂದು ಯೂರಿಯಾ ಚೀಲ. ಅದನ್ನು ಮೂರು ಬೆರಳಿನಲ್ಲಿ ಕಿವಿಯವರೆಗೆ ಎಳೆಯಬೇಕು. ಆ ಬಿಲ್ಲಾಳುಗಳು ಹುಡುಗರಾಗಿದ್ದಾಗಿನಿಂದ ಎಳೆದೆಳೆದು ಅವರ ಭುಜದ ಮೂಳೆಯೇ ಬೇರೆ ಆಕಾರ ತಳೆದಿತ್ತಂತೆ. ರಜಾದಿನ ಕಾಲ್ಚೆಂಡು ಬಿಟ್ಟು ಬಿಲ್ಲು ಹಿಡಿಯಿರಿ ಎಂದು ಮೂರನೇ ಎಡ್ವರ್ಡ್ 1363ರಲ್ಲಿ ಆಜ್ಞೆ ಮಾಡಿದ್ದ. ಷಡ್ಡಕರು ಅದರ ಅರ್ಧವನ್ನು ಚಾಚೂ ತಪ್ಪದೆ ಪಾಲಿಸುತ್ತಾರೆ. ಕಾಲ್ಚೆಂಡು ಮುಟ್ಟುವುದಿಲ್ಲ.

ಕಾಯುವ ಕಾಲದಲ್ಲಿ ನಾವೆಲ್ಲ ವಯನಾಡಿಗೆ ಹೋಗಿದ್ದೆವು. ಅಲ್ಲಿಯ ಕುರಿಚ್ಯರು ಹುಟ್ಟು ಬಿಲ್ಲುಗಾರರು. ಪಳಶಿ ರಾಜನ ಪರವಾಗಿ 1802ರಲ್ಲಿ ತಲಕ್ಕಲ್ ಚಂದುವಿನ ಜೊತೆ ಪನಮರಂ ಕೋಟೆಗೆ ನುಗ್ಗಿ ಕಂಪನಿ ಸೈನ್ಯವನ್ನು ಇದೇ ಬಿಲ್ಲಿನಿಂದ ಬಡಿದವರು. ಒಬ್ಬ ಹಿರಿಯರು ತಮ್ಮ ಮನೆಯ ಬಿಲ್ಲು ತೋರಿಸಿದರು. ನನ್ನ ಮಗಳಿಗೆ ಹಿಡಿಯುವುದನ್ನೂ ಹೇಳಿಕೊಟ್ಟರು. ಅವಳ ನಾಲ್ಕನೇ ಬಾಣ ಬಾಳೆದಿಂಡಿಗೆ ನಾಟಿತು. ಬೇಕಾದರೆ ಒಂದು ಮಾಡಿಕೊಡುತ್ತೇನೆ ಎಂದರು. ನಾನು ಷಡ್ಡಕರ ಮುಖ ನೋಡಿದೆ.

“ಬೇಡ ಭಾವ. ಇದು ಬರೀ ಅಸಲಿ. ನಂಗೆ ಬೇಕಾದ್ದು ನಿಖರವಾದ ನಕಲು.”

ಕಚೇರಿ ಕೆಲಸಕ್ಕೆ ತಿರುವನಂತಪುರಕ್ಕೆ ಹೋದಾಗ ಪದ್ಮನಾಭಸ್ವಾಮಿಯ ಪಳ್ಳಿವೇಟ್ಟೆಯನ್ನೂ ನೋಡಿ ಬಂದರು. ಉತ್ಸವದ ಬೇಟೆಯ ರಾತ್ರಿ ತಿರುವಾಂಕೂರು ರಾಜಮನೆತನದ ಹಿರಿಯರು ಎಳನೀರಿಗೆ ಗುರಿಯಿಟ್ಟು ಬಾಣ ಬಿಡುತ್ತಾರೆ. ಅಲ್ಪಶಿ ಉತ್ಸವಕ್ಕೊಮ್ಮೆ, ಪೈಂಗುನಿ ಉತ್ಸವಕ್ಕೊಮ್ಮೆ. ವರ್ಷಕ್ಕೆ ಎರಡೇ ಬೇಟೆ. ಲೆಕ್ಕ ಹಾಕಿದರೆ ನಮ್ಮ ಷಡ್ಡಕರಿಗಿಂತ ಎರಡು ಹೆಚ್ಚು. ಜೊತೆಗೆ ಹೋಗಿದ್ದ ನಾದಿನಿ ಒಂದು ಓಣವಿಲ್ಲು ಕೊಂಡು ತಂದಳು. ತಿರುವೋಣದ ದಿನ ಆ ಗುಡಿಗೆ ಕರಮನೆಯ ಮನೆತನವೊಂದು ಒಪ್ಪಿಸುವ ಚಿತ್ರದ ಬಿಲ್ಲಿನ ನಕಲು ಅದು. ಅನಂತಶಯನ ಬರೆದ ಚಂದದ ಹಲಗೆ.

“ಇದ್ರಲ್ಲಿ ಬಾಣ ಬಿಡೋಕಾಗಲ್ಲ” ಎಂದರು ಷಡ್ಡಕರು.

“ಅದ್ರಲ್ಲಿ?” ಎಂದಳು.

ಕೊನೆಗೆ ಬಿಲ್ಲು ಬಂತು, ಜೂನ್ ತಿಂಗಳ ಜಡಿಮಳೆಯಲ್ಲಿ. ಆರೂವರೆ ಅಡಿಯ ಕೊಳವೆ ಆಟೋದ ಎರಡೂ ಕಡೆ ಚಾಚಿಕೊಂಡು ಪಾತಾಳಂ ಜಂಕ್ಷನ್ನು ದಾಟುವಾಗ ಎದುರಿನ ವಾಹನಗಳೆಲ್ಲ ರಾಜಮರ್ಯಾದೆಯಿಂದ ಪಕ್ಕಕ್ಕೆ ಸರಿದವು. ಕ್ವಾರ್ಟರ್ಸ್ ಗೇಟಿನಲ್ಲಿ ನೀಲಿ ಅಂಗಿಯ ನಾಲ್ವರು ಹಮಾಲರು ನಿಂತು ನೋಡಿದರು. ಹೊರದಿದ್ದರೂ, ನಿಂತು ನೋಡಿದ್ದಕ್ಕೇ ಕೇಳುವ ‘ನೋಕ್ಕುಕೂಲಿ’ಯನ್ನು ಸರ್ಕಾರ 2018ರಲ್ಲೇ ನಿಲ್ಲಿಸಿದೆ ಎಂದು ಷಡ್ಡಕರು ಮುಂಚಿತವಾಗಿಯೇ ಘೋಷಿಸಿದರು. ಪಾಪ, ಅವರು ಬಂದದ್ದು ಬರೀ ಕುತೂಹಲಕ್ಕೆ. ಒಬ್ಬರು “ಇದೆಂತದು ಸಾರ್?” ಎಂದು ಕೇಳಿಬಿಟ್ಟರು. ಮೇರಿ ರೋಸ್ ಮುಳುಗಿ, ಕೆಸರಲ್ಲಿ 437 ವರ್ಷ ಕಳೆದು, ಮೇಲೆ ಬರುವ ಹೊತ್ತಿಗೆ ನಲವತ್ತು ನಿಮಿಷವಾಗಿತ್ತು. ಹಿರಿಯ ಹಮಾಲರು ತಲೆಯ ಮುಂಡಾಸು ಬಿಚ್ಚಿ ಹಿಂಡಿಕೊಂಡು, “ನೋಡಿದ್ದಕ್ಕೆ ಕೂಲಿ ಬೇಡ ಸಾರ್. ಕೇಳಿದ್ದಕ್ಕೆ ಏನಾದರೂ ಕೊಡಬೇಕಲ್ಲ” ಎಂದರು. ಷಡ್ಡಕರು ಚಹಾ ಕುಡಿಸಿದರು.

ಮರದ ಬಿಲ್ಲಿಗೆ ತೇವ ಆಗದು. ಹೀರಿಕೊಂಡರೆ ಕಸುವು ಕಳೆದುಕೊಂಡು ಬಗ್ಗಿದ ಹಾಗೇ ನಿಲ್ಲುತ್ತದೆ. ನಾಲ್ಕು ಶತಮಾನ ಸಮುದ್ರದಡಿ ಉಳಿದದ್ದು ಗಾಳಿಯಿಲ್ಲದ ಕೆಸರಿನ ಕೃಪೆಯಿಂದ. ಏಲೂರಿನ ಮಳೆಗಾಲದಲ್ಲಿ ಗಾಳಿಯೂ ಇದೆ, ನೀರೂ ಇದೆ. ಹೀಗಾಗಿ ಮನೆಯಲ್ಲಿದ್ದ ಒಂದೇ ಏಸಿ ಕೋಣೆ ಬಿಲ್ಲಿನ ಪಾಲಾಯಿತು. ಗಂಡ ಹೆಂಡತಿ ಹಾಲಿನಲ್ಲಿ, ಫ್ಯಾನಿನ ಕೆಳಗೆ. ಕಳೆದ ಜುಲೈಯಲ್ಲಿ ಹೋದಾಗ ಹಿರಿಯ ಅಳಿಯನೆಂಬ ಗೌರವಕ್ಕೆ ನನಗೆ ಆ ಕೋಣೆಯಲ್ಲೇ ಹಾಸಿಗೆ ಹಾಕಿದರು. “ರಿಮೋಟು ಮುಟ್ಟಬೇಡಿ ಭಾವ, ಅದಕ್ಕೆ ಅಭ್ಯಾಸವಾದ ಹದ ಇದೆ” ಎಂದರು. ಇಡೀ ರಾತ್ರಿ ನಾನು ಬಿಲ್ಲಿನ ಅತಿಥಿಯಾಗಿ ನಡುಗಿದೆ.

ಬೆಳಿಗ್ಗೆ ಕೇಳಿದೆ, “ಎಳೆದು ನೋಡಿದ್ರಾ?”

“ಇನ್ನೂ ಹೆದೆ ಏರಿಸಿಲ್ಲ. ಈ ಊರಿನ ಹವೆಗೆ ಹೊಂದಿಕೊಳ್ಳಲಿ.”

“ನಾನು ಬಂದು ಹನ್ನೊಂದು ವರ್ಷ ಆಯ್ತು ಭಾವ, ನಾನೇ ಇನ್ನೂ ಹೊಂದಿಕೊಂಡಿಲ್ಲ” ಎಂದು ನಾದಿನಿ ಕಾಫಿ ಇಟ್ಟು ಹೋದಳು.

ಅಷ್ಟರಲ್ಲಿ ಬಿಲ್ಲಜ್ಜನ ಪತ್ರ ಬಂತು. ಬಿಲ್ಲು ಹೇಗಿದೆ? ಒಂದು ಫೋಟೋ ಕಳಿಸಿ. ಷಡ್ಡಕರು ಸ್ನಾನ ಮಾಡಿ, ತೊಗಲಿನ ತೋಳುಕಾಪು ಕಟ್ಟಿ, ಹೆದೆಯಿಲ್ಲದ ಬಿಲ್ಲನ್ನು ಪಕ್ಕದಲ್ಲಿ ಹಿಡಿದು, ದೂರದ ಶತ್ರುವನ್ನು ದಿಟ್ಟಿಸುತ್ತ ನಿಂತರು. ದೂರದ ಶತ್ರುವೆಂದರೆ ಕ್ಲಬ್ಬಿನ ನೀರಿನ ಟ್ಯಾಂಕು. ಹನ್ನೆರಡು ಫೋಟೋ ತೆಗೆದೆ. ಒಂದನ್ನು ಆರಿಸಿ ಕಳಿಸಿದರು.

ಸಂಜೆ ಉತ್ತರ ಬಂತು. “ಚೆನ್ನಾಗಿದೆ. ಆದರೆ ಮೇಲಿನ ಕೊಂಬಿನ ತುದಿ ಕೆಳಗೆ ಬಂದಿದೆ. ಬಿಲ್ಲನ್ನು ತಲೆಕೆಳಗಾಗಿ ಹಿಡಿದಿದ್ದೀರಿ.”

ಷಡ್ಡಕರು ನೊಂದುಕೊಂಡಾರೆಂದು ನಾನು ಮಳೆಯ ಕಡೆ ಮುಖ ತಿರುಗಿಸಿದೆ. ಅವರು ಫೋನನ್ನು ಕಣ್ಣಿಗೊತ್ತಿಕೊಂಡರು.

“ನೋಡಿದ್ರಾ ಭಾವ, ಎಂಥಾ ಕಣ್ಣು ಪುಣ್ಯಾತ್ಮಂದು! ಇಂಥವರ ಹತ್ರ ಒಂದೇ ಬಿಲ್ಲು ತಗೊಂಡು ಸುಮ್ಮನಾಗೋದು ತಪ್ಪು.”

ಅಂದು ರಾತ್ರಿಯೇ ಬಾಣದ ಚೀಲಕ್ಕೆ ಆರ್ಡರು ಹೋಯಿತು. 24 ಬಾಣ, 24 ತೂತಿನ ತೊಗಲಿನ ಬಿಲ್ಲೆ, ಥೇಟ್ ಮೇರಿ ರೋಸಿನದೇ ನಕಲು. ಸರದಿ ಹದಿನಾರು ತಿಂಗಳು. ಷಡ್ಡಕರು ಆ ರಾತ್ರಿ ಫ್ಯಾನಿನ ಕೆಳಗೂ ಗಾಢವಾಗಿ ನಿದ್ದೆ ಹೋದರು.